ಕನಗನಹಳ್ಳಿಯ ಬೌದ್ಧ ಶಿಲ್ಪಗಳು

ಕನಗನಹಳ್ಳಿಯ ಬೌದ್ಧ ಶಿಲ್ಪಗಳು ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ದೊರೆತ, ಶಾತವಾಹನರ ಕಾಲದ ಸುಣ್ಣಕಲ್ಲಿನ ಉಬ್ಬುಶಿಲ್ಪಗಳು. ಇಂಡಿ, ಸಿಂದಗಿ ತಾಲ್ಲೂಕುಗಳ ಅಂಚಿನಲ್ಲಿ ಹರಿದುಬರುವ ಭೀಮಾ ನದಿಯ ದಂಡೆಯಲ್ಲಿ ಈ ನೆಲೆಯಿದೆ. ೧೯೮೬ರಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡುಬಂದಿತು. ಅನಂತರ ೧೯೯೪ರಿಂದ ೨೦೦೧ರ ನಡುವೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು ಕನಗನಹಳ್ಳಿಯಲ್ಲಿ ನಡೆಸಿದ ಉತ್ಖನನದಲ್ಲಿ ಮಹಾಸ್ತೂಪವೊಂದರ ಅವಶೇಷಗಳು ಬೆಳಕಿಗೆ ಬಂದವು.

ಸ್ತೂಪಕ್ಕೆ ಹೊದಿಸಿದ್ದ ಫಲಕಗಳಲ್ಲಿ ಬುದ್ಧನ ಜೀವನ, ಜಾತಕ ಕಥೆಗಳು ಹಾಗೂ ಶಾತವಾಹನ ಅರಸರ ಚಿತ್ರಣವಿದೆ. ಹಲವು ಫಲಕಗಳ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಹೆಸರುಗಳನ್ನು ಕೆತ್ತಿರುವುದು ಇವುಗಳ ವೈಶಿಷ್ಟ್ಯ. ಅವುಗಳಲ್ಲೊಂದು ಅಶೋಕನದು. ಸಾಂಚಿಯ ಶಿಲ್ಪಗಳಲ್ಲಿ ಅಶೋಕನನ್ನು ಕಥಾಸಂದರ್ಭದಿಂದ ಗುರುತಿಸಬೇಕು. ಇಲ್ಲಿ ಬರಹವೇ ಅವನನ್ನು ಗುರುತಿಸುತ್ತದೆ. ಆದರೆ ಈ ಶಿಲ್ಪವು ಅಶೋಕನ ಕಾಲಾನಂತರದ್ದಾದುದರಿಂದ ಇದನ್ನು ಅವನ ನಿಜರೂಪವೆಂದು ಭಾವಿಸಲಾಗದು.