ಗಡ್ಡ, ಪೇಟ, ಕಬರಸ್ತಾನ: ಸೈನ್ಯದ ಶಿಸ್ತಿನೊಳಗೆ ಮುಸ್ಲಿಂ ಆಚರಣೆ (1806–2016)

ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನೂ ಪರಿವಾರವನ್ನೂ ಕಂಪನಿ ಸರ್ಕಾರ ವೆಲ್ಲೂರಿನ ಕೋಟೆಗೆ ಸಾಗಿಸಿತು. ಅದೇ ಕೋಟೆಯಲ್ಲಿ 1806ರ ಜುಲೈ 10ರ ನಸುಕಿನಲ್ಲಿ ಸಿಪಾಯಿಗಳು ದಂಗೆ ಎದ್ದು, ಬಿಳಿಯ ಸೈನಿಕರನ್ನೂ ಅಧಿಕಾರಿಗಳನ್ನೂ ನೂರಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಕೊಂದರು. ಟಿಪ್ಪುವಿನ ಹುಲಿಬಾವುಟ ಏರಿಸಿದರು. ಆರ್ಕಾಟಿನಿಂದ ಧಾವಿಸಿದ ಕರ್ನಲ್ ಗಿಲೆಸ್ಪಿಯ ಕುದುರೆ ಪಡೆ ಅದೇ ದಿನ ಕೋಟೆಯನ್ನು ಮರಳಿ ಹಿಡಿಯಿತು. ಸತ್ತ ಸಿಪಾಯಿಗಳ ಸಂಖ್ಯೆ ನೂರಾರು. ಹಿಂದಿನ ದಿನವಷ್ಟೇ ಟಿಪ್ಪುವಿನ ಮಗಳೊಬ್ಬಳ ಮದುವೆ ನಡೆದಿತ್ತು. ಹೀಗಾಗಿ ಇದು ರಾಜಕುಮಾರರ ಒಳಸಂಚು ಎನ್ನುವ ವಿವರಣೆ ಮದರಾಸಿನ ಸೇನಾಧಿಕಾರಿಗಳಿಗೆ ಬಹಳ ಅನುಕೂಲವಾಯಿತು. ಆ ವಿವರಣೆ ಒಪ್ಪಿಕೊಂಡರೆ ತಾವು ಹೊರಡಿಸಿದ ಆದೇಶದ ಬಗ್ಗೆ ಯಾರೂ ಕೇಳುವಂತಿರಲಿಲ್ಲ.

ಆದೇಶ ಇದ್ದದ್ದು ಸಿಪಾಯಿಯ ಮುಖದ ಮೇಲೆ. ಮದರಾಸು ಸೈನ್ಯದ ದಂಡನಾಯಕ ಸರ್ ಜಾನ್ ಕ್ರಾಡಕ್ ಜಾರಿಗೆ ತಂದ ನಿಯಮಾವಳಿಯ ಹತ್ತನೆಯ ಪರಿಚ್ಛೇದದ ಪ್ರಕಾರ, ಸಮವಸ್ತ್ರದಲ್ಲಿರುವಾಗ ಹಣೆಯ ಮೇಲೆ ನಾಮ, ವಿಭೂತಿ ಇರಕೂಡದು, ಕಿವಿಯಲ್ಲಿ ಒಂಟಿ ಇರಕೂಡದು, ಗಲ್ಲ ನುಣ್ಣಗೆ ಬೋಳಿಸಿರಬೇಕು, ಮೀಸೆ ಎಲ್ಲರದೂ ಒಂದೇ ಮಾದರಿಯಲ್ಲಿರಬೇಕು. ಇದರ ಜೊತೆಗೆ, ಯುರೋಪಿಯನ್ನರ ಟೊಪ್ಪಿಗೆಯನ್ನು ನೆನಪಿಸುವ ಹೊಸ ಪೇಟ; ಅದಕ್ಕೊಂದು ತೊಗಲಿನ ಅಲಂಕಾರ. ಅದು ಯಾವ ಪ್ರಾಣಿಯ ತೊಗಲು ಎಂಬ ಗುಮಾನಿ ಮುಸಲ್ಮಾನನಿಗೂ ಹಿಂದುವಿಗೂ ಒಟ್ಟಿಗೇ ಹುಟ್ಟಿತು. ಟೊಪ್ಪಿ ಹಾಕಿಸಿದವರು ನಾಳೆ ಕಿರಿಸ್ತಾನರನ್ನಾಗಿ ಮಾಡುತ್ತಾರೆ ಎಂಬ ಮಾತು ಪೇಟೆಯಲ್ಲಿ ಹಬ್ಬಿತು.

ಮೇ ತಿಂಗಳಲ್ಲೇ ವೆಲ್ಲೂರಿನ ಒಂದು ಬೆಟಾಲಿಯನ್ ಪೇಟ ತೊಡಲು ಒಪ್ಪಲಿಲ್ಲ. ಮುಂದಾಳುಗಳೆಂದು ಗುರುತಿಸಿದ ಇಬ್ಬರಿಗೆ, ಒಬ್ಬ ಮುಸಲ್ಮಾನ, ಒಬ್ಬ ಹಿಂದು, ಛಡಿ ಏಟು ಕೊಟ್ಟು ಸೇವೆಯಿಂದ ಕಿತ್ತುಹಾಕಲಾಯಿತು. ನನಗೆ ಇಡೀ ಪ್ರಕರಣದಲ್ಲಿ ಮುಖ್ಯವೆನಿಸುವುದು ಆಗ ನಡೆದ ವಿಚಾರಣೆಯ ಕ್ರಮ. ಒಬ್ಬ ಸೈಯದನನ್ನೂ ಒಬ್ಬ ಬ್ರಾಹ್ಮಣನನ್ನೂ ಕರೆದು, ಈ ಪೇಟದಲ್ಲಿ ನಿಮ್ಮ ಧರ್ಮಕ್ಕೆ ವಿರುದ್ಧವಾದದ್ದು ಏನಾದರೂ ಇದೆಯೇ ಎಂದು ಕೇಳಲಾಯಿತು. ಇಲ್ಲ ಎಂದು ಅವರು ಹೇಳಿದರು. ಅಲ್ಲಿಗೆ ಅಧಿಕಾರಿಗಳ ಪಾಲಿಗೆ ಪ್ರಶ್ನೆ ಮುಗಿಯಿತು. ಶಾಸ್ತ್ರ ಬಲ್ಲವರೇ ಒಪ್ಪಿದ ಮೇಲೆ ಸಿಪಾಯಿಯದು ಬರಿಯ ಹಟ. ಆದರೆ ಬ್ಯಾರಕ್ಕಿನಲ್ಲಿದ್ದವನ ಅಳುಕು ಶಾಸ್ತ್ರವಾಕ್ಯದ್ದಾಗಿರಲಿಲ್ಲ. ಈ ಪೇಟ ಇಟ್ಟುಕೊಂಡು ಊರಿಗೆ ಹೋದರೆ ಬಳಗದವರು ಹೆಣ್ಣು ಕೊಡುತ್ತಾರೆಯೇ, ಒಟ್ಟಿಗೆ ಕೂತು ಉಣ್ಣುತ್ತಾರೆಯೇ ಎಂಬುದಾಗಿತ್ತು. ಆಚರಣೆಗೆ ಬೆಲೆ ಕೊಡಬೇಕೆ ಎಂಬುದನ್ನು ಗ್ರಂಥದಲ್ಲಿ ಹುಡುಕುವ ಈ ರೂಢಿ ಅಂದಿನಿಂದ ಇಂದಿನವರೆಗೆ ಮುಂದುವರಿದಿದೆ ಎಂಬುದೇ ಈ ಲೇಖನದ ವಾದ.

ಮುಂದಿನದ್ದು ಪರಿಚಿತ ಕಥೆ. ಆದೇಶ ರದ್ದಾಯಿತು, ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಕಳಿಸಿದರು, 1807ರಲ್ಲಿ ಕ್ರಾಡಕ್ ಮತ್ತು ಗವರ್ನರ್ ವಿಲಿಯಂ ಬೆಂಟಿಂಕ್ ಇಬ್ಬರನ್ನೂ ಲಂಡನ್ ವಾಪಸು ಕರೆಸಿಕೊಂಡಿತು. (ಇದೇ ಬೆಂಟಿಂಕ್ 1828ರಲ್ಲಿ ಗವರ್ನರ್ ಜನರಲ್ ಆಗಿ ಬಂದ.) ಅಷ್ಟು ಪರಿಚಿತವಲ್ಲದ್ದು ಕನ್ನಡನಾಡಿನ ಭಾಗ. 1806ರ ಅಕ್ಟೋಬರಿನಲ್ಲಿ ನಂದಿದುರ್ಗದ ಸಿಪಾಯಿಗಳೂ ದಂಗೆಗೆ ಸಜ್ಜಾಗಿದ್ದಾರೆ ಎಂಬ ಸುದ್ದಿ ಹಬ್ಬಿ, ಬೆಂಗಳೂರಿನಿಂದ ಪಡೆ ಹೋಯಿತು. ನವೆಂಬರಿನಲ್ಲಿ ಪಾಳಯಂಕೋಟೆಯ ಅಧಿಕಾರಿ ಮುಸ್ಲಿಂ ಸಿಪಾಯಿಗಳನ್ನಷ್ಟೇ ಬೇರ್ಪಡಿಸಿ ಕೋಟೆಯಿಂದ ಹೊರಗಟ್ಟಿದ. ಹಿಂದೂ, ಮುಸಲ್ಮಾನ ಸಿಪಾಯಿಗಳಿಬ್ಬರೂ ಸೇರಿ ಎತ್ತಿದ್ದ ತಕರಾರು ಆರೇ ತಿಂಗಳಲ್ಲಿ ಒಂದು ಮತದವರ ಮೇಲಿನ ಸಂಶಯವಾಗಿ ಬದಲಾಗಿತ್ತು.

1857ರ ಎನ್‌ಫೀಲ್ಡ್ ತೋಟಾಗಳ ಕೊಬ್ಬಿನ ವಿಷಯವನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. ಅದರ ಪರಿಣಾಮವಷ್ಟೇ ನಮಗೆ ಬೇಕಾದದ್ದು: ಆ ಬಳಿಕದ ಸೈನ್ಯ, ಆಚರಣೆಗಳನ್ನು ಮದ್ದಿನಮನೆಯ ಹಾಗೆ ಎಚ್ಚರದಿಂದ ಕಾಯತೊಡಗಿತು. ಆ ಎಚ್ಚರದ ಪರಾಕಾಷ್ಠೆ ಕಾಣುವುದು ಮೊದಲ ಮಹಾಯುದ್ಧದಲ್ಲಿ. ಫ್ರಾನ್ಸಿನಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗಾಗಿ ಇಂಗ್ಲೆಂಡಿನ ಬ್ರೈಟನ್ ಊರಿನ ರಾಯಲ್ ಪೆವಿಲಿಯನ್ ಅರಮನೆಯೇ ಆಸ್ಪತ್ರೆಯಾಯಿತು. ಅಲ್ಲಿ ಒಂಬತ್ತು ಅಡುಗೆಮನೆಗಳು. ಮುಸಲ್ಮಾನರಿಗೂ ಹಿಂದೂಗಳಿಗೂ ನೀರಿನ ನಲ್ಲಿಗಳೇ ಬೇರೆ. ಫಲಕಗಳು ಉರ್ದು, ಹಿಂದಿ, ಗುರುಮುಖಿಗಳಲ್ಲಿ. ಹಲಾಲ್ ಮಾಂಸದ ವ್ಯವಸ್ಥೆ ಪ್ರತ್ಯೇಕ. ಅರಮನೆಯ ಹುಲ್ಲುಹಾಸಿನ ಮೇಲೆ ಮೆಕ್ಕಾದ ದಿಕ್ಕಿಗೆ ನಮಾಜು ನಡೆಯುತ್ತಿತ್ತು. ಸತ್ತ ಹಿಂದೂ, ಸಿಖ್ ಸೈನಿಕರನ್ನು ಊರಾಚೆಯ ದಿಬ್ಬದ ಮೇಲೆ ದಹಿಸಿದರೆ, ಮುಸ್ಲಿಂ ಸೈನಿಕರ ಶವಗಳನ್ನು ವೋಕಿಂಗ್‌ಗೆ ಒಯ್ಯುತ್ತಿದ್ದರು. 1889ರಲ್ಲಿ ಕಟ್ಟಿದ ಶಾಹಜಹಾನ್ ಮಸೀದಿ ಅಲ್ಲಿತ್ತು. ಹತ್ತಿರದ ಹಾರ್ಸೆಲ್ ಬಯಲಿನಲ್ಲಿ ಸರ್ಕಾರವೇ ಗುಮ್ಮಟವಿರುವ ಹೆಬ್ಬಾಗಿಲಿನ ಕಬರಸ್ತಾನವೊಂದನ್ನು ಕಟ್ಟಿಸಿ 1917ರಲ್ಲಿ ಮುಗಿಸಿತು.

ಈ ಆದರ ಸುಳ್ಳಲ್ಲ. ಆದರೆ ಅದರ ಹಿಂದೆ ಪೈಪೋಟಿಯಿತ್ತು. 1914ರ ನವೆಂಬರಿನಲ್ಲಿ ಉಸ್ಮಾನಿ ಖಲೀಫರ ಹೆಸರಿನಲ್ಲಿ ಜಿಹಾದ್ ಘೋಷಣೆಯಾಗಿತ್ತು. ಮುಸ್ಲಿಂ ಯೋಧರಿಗೆ ಬ್ರಿಟಿಷರು ಸರಿಯಾದ ಮಣ್ಣೂ ಮಾಡುತ್ತಿಲ್ಲ ಎಂದು ಜರ್ಮನ್ನರು ಪ್ರಚಾರ ನಡೆಸಿದ್ದರು. ಅವರೂ ಬರ್ಲಿನ್ ಹತ್ತಿರದ ವುನ್ಸ್‌ಡಾರ್ಫ್‌ನಲ್ಲಿ ಮುಸ್ಲಿಂ ಸೆರೆಯಾಳುಗಳ ಶಿಬಿರಕ್ಕೆಂದು 1915ರಲ್ಲಿ ಮರದ ಮಸೀದಿಯೊಂದನ್ನು ಕಟ್ಟಿದರು. ಈ ಪೈಪೋಟಿಯ ನಡುವೆ ಸಿಕ್ಕ ಇಬ್ಬರು ಅಫ್ರೀದಿ ಅಣ್ಣತಮ್ಮಂದಿರಿದ್ದಾರೆ. ಜಮಾದಾರ ಮೀರ್ ಮಸ್ತ್ 1915ರ ಮಾರ್ಚಿನಲ್ಲಿ ಕಂದಕ ದಾಟಿ ಜರ್ಮನ್ನರ ಕಡೆ ಹೋದ. ಅವನ ಸಹೋದರ ಮೀರ್ ದಸ್ತ್ ಏಪ್ರಿಲಿನಲ್ಲಿ ಈಪ್ರದ ವಿಷಾನಿಲದ ನಡುವೆ ಹೋರಾಡಿ, ಆಗಸ್ಟಿನಲ್ಲಿ ಅದೇ ಬ್ರೈಟನ್ ಅರಮನೆಯಲ್ಲಿ ದೊರೆ ಐದನೆಯ ಜಾರ್ಜ್‌ನ ಕೈಯಿಂದ ವಿಕ್ಟೋರಿಯಾ ಕ್ರಾಸ್ ಪಡೆದ. ಒಂದೇ ಮನೆ, ಒಂದೇ ಧರ್ಮ.

ಆದರದ ಪಟ್ಟಿಯಲ್ಲಿ ಊಟ, ನಮಾಜು, ಮಣ್ಣು ಇದ್ದವು. ಯಾರ ಮೇಲೆ ಗುಂಡು ಹಾರಿಸುವುದು ಎಂಬ ಅಳುಕು ಇರಲಿಲ್ಲ. 1916ರ ಆರಂಭದಲ್ಲಿ 15ನೇ ಲ್ಯಾನ್ಸರ್ಸ್ ದಳದ ಮುಸ್ಲಿಂ ಸವಾರರು, ಪವಿತ್ರ ಸ್ಥಳಗಳ ಸಮೀಪ ತುರ್ಕರ ವಿರುದ್ಧ ಕಾದಲಾರೆವು, ಬೇರೆ ರಣರಂಗಕ್ಕೆ ಕಳಿಸಿ ಎಂದು ಬಸ್ರಾದಲ್ಲಿ ಬೇಡಿಕೊಂಡರು. ಅವರಿಗೆ ಸಿಕ್ಕಿದ್ದು ಗಡೀಪಾರಿನ ಶಿಕ್ಷೆ. ಸೈನ್ಯದ ದೃಷ್ಟಿಯಿಂದ ಇದು ಅನಿವಾರ್ಯ ಎನ್ನಬಹುದು. ಆದರೆ ಎಲ್ಲಿಯವರೆಗೆ ಧರ್ಮ, ಎಲ್ಲಿಂದ ದ್ರೋಹ ಎಂಬ ಗೆರೆ ಎಳೆದವರು ಯಾರು ಎಂಬುದೂ ಇಲ್ಲಿ ಸ್ಪಷ್ಟ.

ಸ್ವತಂತ್ರ ಭಾರತದ ಸೈನ್ಯದಲ್ಲಿ ಪಂಡಿತರು, ಗ್ರಂಥಿಗಳ ಸಾಲಿನಲ್ಲೇ ಮೌಲ್ವಿಗಳೂ ಧರ್ಮಗುರುಗಳಾಗಿ ನೇಮಕವಾಗುತ್ತಾರೆ, ಸರ್ವಧರ್ಮ ಸ್ಥಳಗಳಿವೆ. ಸೈನಿಕರ ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕುಗೊಳಿಸಬಹುದು ಎನ್ನುವ ಸಂವಿಧಾನದ 33ನೇ ವಿಧಿಯೂ ಇದೆ. ಗಡ್ಡ ಮಾತ್ರ ತೀರದ ಪ್ರಶ್ನೆಯಾಗಿ ಉಳಿಯಿತು. ವಾಯುಪಡೆಯ 1964ರ ನಿಯಮಾವಳಿಯ 425ನೇ ನಿಯಮ, ಕೂದಲು ಕತ್ತರಿಸುವುದನ್ನು ಅಥವಾ ಮುಖಕ್ಷೌರವನ್ನು ಯಾರ ಧರ್ಮ ನಿಷೇಧಿಸುತ್ತದೋ ಅವರಿಗೆ ವಿನಾಯಿತಿ ಕೊಡುತ್ತದೆ. 2003ರ ಸುತ್ತೋಲೆ ಇನ್ನೂ ವಿಚಿತ್ರ: 2002ರ ಜನವರಿ 1ಕ್ಕೆ ಮುಂಚೆ, ಸೇರುವಾಗಲೇ ಗಡ್ಡವಿದ್ದ ಮುಸ್ಲಿಮರು ಉಳಿಸಿಕೊಳ್ಳಬಹುದು, ಸೇರಿದ ಮೇಲೆ ಬಿಟ್ಟವರು ತೆಗೆಯಬೇಕು. ಭಕ್ತಿ ನಡುವಯಸ್ಸಿನಲ್ಲಿ ಬಂದರೆ ಲೆಕ್ಕಕ್ಕಿಲ್ಲ ಎಂದಾಯಿತು.

ಗಡ್ಡ ತೆಗೆಯದೆ 2008ರಲ್ಲಿ ಸೇವೆ ಕಳೆದುಕೊಂಡ ವಾಯುಪಡೆಯ ಸಿಬ್ಬಂದಿಯೊಬ್ಬರ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ತಳ್ಳಿಹಾಕಿತು. ವಿಚಾರಣೆಯಲ್ಲಿ ನ್ಯಾಯಪೀಠ ಕೇಳಿದ ಪ್ರಶ್ನೆ, ಇಸ್ಲಾಂ ಕ್ಷೌರವನ್ನು ನಿಷೇಧಿಸುತ್ತದೆಯೇ ಎಂಬುದು. ವ್ಯಾಖ್ಯಾನಗಳು ಹಲವಿವೆ, ಗಡ್ಡ ಅಪೇಕ್ಷಣೀಯ ಎಂಬುದು ಅವುಗಳಲ್ಲೊಂದು ಎಂದು ಅವರ ಪರ ವಕೀಲರು ಪ್ರಾಮಾಣಿಕವಾಗಿಯೇ ಹೇಳಿದರು. ಆ ಪ್ರಾಮಾಣಿಕತೆಗೆ 425ನೇ ನಿಯಮದಲ್ಲಿ ಜಾಗವಿರಲಿಲ್ಲ. ಪಡೆಯ ಏಕರೂಪತೆ, ಒಗ್ಗಟ್ಟು, ಶಿಸ್ತಿಗಾಗಿಯೇ ಈ ನಿಯಮ ಎಂಬ ಪೀಠದ ನಿಲುವನ್ನು ಹಗುರವಾಗಿ ಕಾಣುವಂತಿಲ್ಲ. ನಿಷೇಧ ಇದೆಯೇ ಎಂದಷ್ಟೇ ಕೇಳುವ ನಿಯಮವನ್ನು ಬರೆದವರು ನ್ಯಾಯಾಧೀಶರಲ್ಲ ಎಂಬುದನ್ನೂ ಒಪ್ಪಬೇಕು.

ಇದಕ್ಕೆ ಬೇರೆ ಬಗೆಯ ಪ್ರಶ್ನೆ ಕೇಳಿದ ಉದಾಹರಣೆ ಅಮೆರಿಕದ ನ್ಯೂವಾರ್ಕ್ ಪೊಲೀಸ್ ಇಲಾಖೆಯ ಪ್ರಕರಣ. ಇಬ್ಬರು ಸುನ್ನಿ ಅಧಿಕಾರಿಗಳಿಗೆ ಗಡ್ಡ ನಿರಾಕರಿಸಿದ್ದ ಆ ಇಲಾಖೆ, ಚರ್ಮದ ತೊಂದರೆ ಇದ್ದವರಿಗೆ ಅದನ್ನು ಬಿಡಲು ಅನುಮತಿ ಕೊಟ್ಟಿತ್ತು. 1999ರಲ್ಲಿ ಮೇಲ್ಮನವಿ ನ್ಯಾಯಾಲಯದ ಪರವಾಗಿ ತೀರ್ಪು ಬರೆದ ಸ್ಯಾಮುಯೆಲ್ ಅಲಿಟೊ ಕುರಾನ್ ಏನು ಹೇಳುತ್ತದೆ ಎಂದು ಕೆದಕಲು ಹೋಗಲಿಲ್ಲ. ವೈದ್ಯರ ಚೀಟಿಯಿದ್ದರೆ ಕೆಡದ ಏಕರೂಪತೆ ನಂಬಿಕೆಯಿಂದ ಮಾತ್ರ ಹೇಗೆ ಕೆಡುತ್ತದೆ ಎಂಬ ಪ್ರಶ್ನೆಗೆ ಇಲಾಖೆ ಉತ್ತರಿಸಬೇಕಾಯಿತು. ಸಮಾಧಾನಕರ ಉತ್ತರ ಸಿಗದೆ ಆ ಇಬ್ಬರ ಗಡ್ಡ ಉಳಿಯಿತು.