ಸಾವಧಾನ ಅನ್ನುವವರಿಲ್ಲದ ಮದುವೆಗೆ ಸನಾದಿ

ನಮ್ಮ ಉಗಾರ ಖುರ್ದದಲ್ಲಿ ಸದ್ದಿಗೆ ಬರವಿಲ್ಲ. 1939ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆಯ ಭೋಂಗಾ ಇದೆ, ಮೀರಜದ ರೈಲು ಇದೆ, ಹಂಗಾಮು ಬಂತೆಂದರೆ ಹಾಡು ಹಚ್ಚಿಕೊಂಡು ಸಾಲುಗಟ್ಟಿ ನಿಲ್ಲುವ ಕಬ್ಬಿನ ಟ್ರ್ಯಾಕ್ಟರುಗಳಿವೆ. ಆದರೂ ಅಣ್ಣನ ಮಗಳು ರಜಿಸ್ಟರ್ ಮದುವೆ ಆಗುತ್ತೇನೆಂದಾಗ ಮನೆಯವರು ಹೆದರಿದ್ದು ಸದ್ದಿಲ್ಲದ ಮದುವೆಗೆ. ಹುಡುಗ ಬೇರೆ ಧರ್ಮದವನು. ಎರಡೂ ಮನೆಯವರು ಹೇಗೋ ಒಪ್ಪಿದ್ದರು.

"ಶಾಸ್ತ್ರ ಬ್ಯಾಡ ಅಂದ್ರ ಬಿಡ್ರಿ. ಸನಾದಿನೂ ಇಲ್ಲಂದ್ರ ಓಡಿಹೋಗಿ ಆದಂಗ ಕಾಣತೈತಿ" ಎಂದರು ವೈನಿ. ವಾದ್ಯ ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಕಡೆಯ ಮದುವೆಯಲ್ಲಿ ವಾದ್ಯಕ್ಕೆ ಗೊತ್ತಾದ ಕೆಲಸವಿದೆ. ಮಂಗಳಾಷ್ಟಕ ಮುಗಿದು 'ಸಾವಧಾನ' ಎಂದೊಡನೆ ಅಂತರಪಟ ಸರಿಯುತ್ತದೆ, ಅಕ್ಕಿಕಾಳು ಬೀಳುತ್ತವೆ, ಸನಾದಿ ಹಲಗಿ ಒಮ್ಮೆಲೆ ಏಳುತ್ತವೆ. ದಕ್ಷಿಣದವರು ಅದನ್ನೇ ಗಟ್ಟಿಮೇಳ ಎನ್ನುತ್ತಾರೆ. ಆ ಗಳಿಗೆಯಲ್ಲಿ ಸೀನು, ಅಳು, ಕೆಟ್ಟ ಮಾತು ಕಿವಿಗೆ ಬೀಳಬಾರದೆಂದು ಹಿರಿಯರು ಹೇಳುವುದುಂಟು. ಅಂದರೆ ವಾದ್ಯ ಉಳಿದ ಸದ್ದುಗಳನ್ನು ಮುಚ್ಚುತ್ತದೆ, ಮದುವೆ ನಡೆಯಿತೆಂದು ಊರಿಗೆ ಸಾರುತ್ತದೆ. ಭಟ್ಟರಿಲ್ಲದ, ಮುಹೂರ್ತವಿಲ್ಲದ ಮದುವೆಯಲ್ಲಿ ಅದು ಯಾವಾಗ ನುಡಿಯಬೇಕು?

ಭಟ್ಟರನ್ನು ಬಿಟ್ಟವರು ಹಾಡನ್ನು ಬಿಡಬೇಕೆಂದೇನಿಲ್ಲ. ಪುಣೆಯಲ್ಲಿ 1873ರಲ್ಲಿ ಸತ್ಯಶೋಧಕ ಸಮಾಜ ಕಟ್ಟಿದ ಜೋತಿಬಾ ಫುಲೆ ಪುರೋಹಿತರಿಲ್ಲದ ಮದುವೆಗಳನ್ನು ಮಾಡಿಸಿದರು. ಆದರೆ ಮಂಗಳಾಷ್ಟಕವನ್ನು ತೆಗೆದುಹಾಕಲಿಲ್ಲ. ಮರಾಠಿಯಲ್ಲಿ ತಾವೇ ಹೊಸದಾಗಿ ಬರೆದರು. ಅದರಲ್ಲಿ ವಧು ವರ ಒಬ್ಬರಿಗೊಬ್ಬರು ಮಾತು ಕೊಡುತ್ತಾರೆ. ಹೆಣ್ಣು ತನ್ನ ಹಕ್ಕನ್ನು ಕೇಳುತ್ತಾಳೆ. ಈ ಚಳವಳಿ ಮುಂದೆ ಶಾಹೂ ಮಹಾರಾಜರ ಕಾಲದಲ್ಲಿ ಕೊಲ್ಹಾಪುರದಲ್ಲಿ ಬೇರುಬಿಟ್ಟಿತು. ಕೊಲ್ಹಾಪುರ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ.

ಕಾನೂನಿನ ದಾರಿ ಬೇರೆ. 1872ರ ಕಾಯ್ದೆಯಂತೆ ಮದುವೆಯಾಗುವವರು, ತಾವು ಹಿಂದೂ, ಮುಸ್ಲಿಂ, ಕ್ರೈಸ್ತ ಮುಂತಾದ ಯಾವ ಧರ್ಮಕ್ಕೂ ಸೇರಿದವರಲ್ಲವೆಂದು ಬರೆದುಕೊಡಬೇಕಿತ್ತು. 1954ರ ವಿಶೇಷ ವಿವಾಹ ಕಾಯ್ದೆ ಆ ಷರತ್ತನ್ನು ಕಿತ್ತುಹಾಕಿತು. ಅದು 1955ರ ಜನವರಿ 1ರಂದು ಜಾರಿಗೆ ಬಂದಾಗ ಬೆಳಗಾವಿ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು.

ಆ ಕಾಯ್ದೆಯ 12ನೆಯ ಕಲಮು ಓದಿದಾಗ ನನಗೆ ಅಚ್ಚರಿಯಾಯಿತು. ಕಚೇರಿಯಲ್ಲೇ ಆಗಬೇಕೆಂದಿಲ್ಲ; ಹೆಚ್ಚಿನ ಶುಲ್ಕ ಕಟ್ಟಿದರೆ ವಿವಾಹಾಧಿಕಾರಿ ಹತ್ತಿರದ ಬೇರೆ ಜಾಗಕ್ಕೂ ಬರಬಹುದು. ಮದುವೆಯ ರೀತಿಯನ್ನು ವಧು ವರರೇ ಆರಿಸಿಕೊಳ್ಳಬಹುದು. ಇಂಗ್ಲೆಂಡಿನಲ್ಲಿ 1837ರಿಂದಲೂ ಸರಕಾರಿ ಮದುವೆಯುಂಟು, ಆದರೆ ಅಲ್ಲಿ ಇಂಥ ಮದುವೆಯಲ್ಲಿ ಚರ್ಚಿನ ಪ್ರಾರ್ಥನಾಗೀತೆ ಹಾಡುವಂತಿಲ್ಲ. ನಮ್ಮ ಕಾಯ್ದೆ ಅಂಥ ಕಟ್ಟು ಹಾಕಿಲ್ಲ. ಒಂದೇ ಒಂದು ಪಟ್ಟು ಹಿಡಿಯುತ್ತದೆ: ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ತಮಗೆ ತಿಳಿಯುವ ಯಾವುದೇ ಭಾಷೆಯಲ್ಲಿ, ನಿನ್ನನ್ನು ಸ್ವೀಕರಿಸಿದ್ದೇನೆಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕು. ಆ ಮಾತು ಆಡದೆ ಮದುವೆ ಪೂರ್ತಿಯಾಗದು.

ಹಾಗಾದರೆ ಇಲ್ಲಿ ವಾದ್ಯದ ಕೆಲಸ ತಿರುವುಮುರುವು. ಆ ಗಳಿಗೆಯಲ್ಲಿ ಅದು ಏನನ್ನೂ ಮುಚ್ಚಬಾರದು. ಮಾತು ಮೂವರ ಕಿವಿಗೆ ಬಿದ್ದ ಮೇಲೆ ಏಳಬೇಕು.

ಭಜಂತ್ರಿ ಎಂಬುದು ನಮ್ಮಲ್ಲಿ ವಾದ್ಯಕ್ಕೂ ಹೆಸರು, ನುಡಿಸುವ ಮನೆತನಕ್ಕೂ ಅಡ್ಡಹೆಸರು. ನಾನು ಹುಡುಕಿಕೊಂಡು ಹೋದ ಸನಾದಿಯ ಅಜ್ಜ ಎಲ್ಲ ಕೇಳಿಸಿಕೊಂಡು, "ನಾ ಸುಮ್ಮ ಇರೂದಕ್ಕ ನೀವು ರೊಕ್ಕಾ ಕೊಡ್ತೀರೇನ್ರಿ ಸರ?" ಎಂದು ನಕ್ಕರು.

ಏನು ನುಡಿಸುವುದೆಂಬ ಜಗಳ ಉಳಿದಿತ್ತು. ನಮ್ಮವರಿಗೆ ಭಜನೆ ಬೇಕು, ಹುಡುಗನ ಮನೆಯವರಿಗೆ ಕವ್ವಾಲಿ. ಹರೆಯದವರಿಗೆ ಸಿನಿಮಾ ಹಾಡು. ಅಜ್ಜನೇ ತೀರ್ಮಾನ ಕೊಟ್ಟರು: "ಹನ್ನೆರಡರ ಸುಮಾರಿಗೆ ಸಹಿ ಅಂತೀರಿ. ಸಾರಂಗ ಊದತೇನಿ. ಅದಕ್ಕ ಯಾರ ಜಾತಿ ಹಚ್ಚತೀರಿ?"

ಆ ಮಾತು ನನ್ನನ್ನು ಮೀರಜಕ್ಕೆ ಕರೆದೊಯ್ದಿತು. ಅಬ್ದುಲ್ ಕರೀಂ ಖಾನರು ನೆಲೆಸಿದ ಊರು ಅದು. 1937ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲೇ ಇದೆ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್. ಒಂದು ಧರ್ಮದ ಗುರುವಿನಿಂದ ಇನ್ನೊಂದು ಧರ್ಮದ ಶಿಷ್ಯರಿಗೆ ರಾಗ ದಾಟಿಬಂದ ನೆಲದಲ್ಲಿ, ಒಂದು ಮದುವೆಗೆ ರಾಗ ಸಿಕ್ಕಿದ್ದು ಹೊಸತೇನಲ್ಲ.

ಮದುವೆಯ ದಿನ ನಮ್ಮ ಅಂಗಳದಲ್ಲಿ ಮೇಜು ಹಾಕಿದೆವು. ಹುಡುಗಿ ಕನ್ನಡದಲ್ಲಿ, ಹುಡುಗ ಮರಾಠಿಯಲ್ಲಿ ಮಾತು ಕೊಟ್ಟರು. ಹುಡುಗನ ದನಿ ನಡುಗಿತು, ಅದೂ ಎಲ್ಲರಿಗೂ ಕೇಳಿಸಿತು. ಅಜ್ಜ ಸನಾದಿಯನ್ನು ತುಟಿಯ ಹತ್ತಿರ ಹಿಡಿದು ಕಾದರು. ಆಮೇಲೆ ಊದಿದರು.

ಕಾಯ್ದೆಯಂತೆ ಮದುವೆಯ ನೋಟಿಸನ್ನು 30 ದಿನ ಮೊದಲೇ ಕಚೇರಿಯ ಗೋಡೆಗೆ ಹಚ್ಚಿದ್ದರು. ನಮ್ಮ ಓಣಿಯವರ್ಯಾರೂ ಅದನ್ನು ಓದಿದಂತಿರಲಿಲ್ಲ. ಈ ಸಂಬಂಧ ಸೇರದೆ ತಿಂಗಳಿಂದ ಮಾತು ಬಿಟ್ಟಿದ್ದ ಮಗ್ಗಲ ಮನೆಯ ಆಯಿ, ಸನಾದಿ ಕೇಳಿ ಬಾಗಿಲಿಗೆ ಬಂದು ನಿಂತಳು. ಸ್ವಲ್ಪ ಹೊತ್ತು ನೋಡಿದಳು. ಒಳಗೆ ಹೋಗಿ ಮುಷ್ಟಿ ಅಕ್ಕಿ ಹಿಡಿದುಕೊಂಡು ಬಂದಳು.