ಸೂಜಿ ಬಂದ ದಾರಿ: ಕಾಸರಗೋಡಿನ ನೋವು ಚಿಕಿತ್ಸೆ ಮತ್ತು ಅಕ್ಯುಪಂಕ್ಚರಿನ ಪ್ರಾಚೀನತೆಯ ವಾದ

ಸೊಂಟ ನೋವು, ಮಂಡಿ ನೋವು, ಕುತ್ತಿಗೆ ಹಿಡಿತಗಳಿಗೆ ಅಕ್ಯುಪಂಕ್ಚರ್ ಮಾಡುವ ಕೇಂದ್ರಗಳು ಕೇರಳದಲ್ಲೂ ಕರಾವಳಿ ಕರ್ನಾಟಕದಲ್ಲೂ ಈಗ ಅಪರೂಪವಲ್ಲ. ಅವುಗಳ ಪರವಾಗಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ಈ ವಿದ್ಯೆ ಮೂಲತಃ ನಮ್ಮದೇ, ಸುಶ್ರುತನಲ್ಲಿತ್ತು, ಮರ್ಮವಿದ್ಯೆಯಲ್ಲಿತ್ತು, ಚೀನಾಕ್ಕೆ ಹೋಗಿ ಮರಳಿ ಬಂದಿದೆ ಎಂದು. ಕಳರಿ ಎಂಬ ಯುದ್ಧಕಲೆಯ ಪರಂಪರೆಯ ಮರ್ಮಚಿಕಿತ್ಸೆಯ ಪರಿಚಯವಿರುವ ಕಾಸರಗೋಡಿನಲ್ಲಿ ಈ ಮಾತಿಗೆ ಒಪ್ಪಿಗೆ ಸಿಗುವುದು ಸುಲಭ. ಆದರೆ ಆಧಾರಗಳು ಅತ್ತ ಕಡೆ ಇಲ್ಲ. ಸೂಜಿ ಇಲ್ಲಿಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಇಲ್ಲದ ಪ್ರಾಚೀನತೆಯನ್ನು ಅದಕ್ಕೆ ಹೊದಿಸಿದರೆ ಸ್ಥಳೀಯ ವೈದ್ಯಕ್ಕೂ ನಷ್ಟ, ಸೂಜಿ ಚಿಕಿತ್ಸೆಗೂ ನಷ್ಟ ಎಂಬುದು ನನ್ನ ವಾದ.

ಪ್ರಾಚೀನತೆಯ ಪಕ್ಷದವರ ಬಲವಾದ ಸಾಕ್ಷ್ಯವನ್ನೇ ಮೊದಲು ನೋಡೋಣ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 19ನೆಯ ಅಧ್ಯಾಯದಲ್ಲಿ ಅಂತ್ರವೃದ್ಧಿಗೆ, ಅಂದರೆ ಕರುಳು ಇಳಿಯುವ ಬೇನೆಗೆ, ಎದುರು ಬದಿಯ ಕಿವಿಯ ಅಂಚಿನಲ್ಲಿ ಸಿರೆಯನ್ನು ಚುಚ್ಚಬೇಕೆಂಬ ವಿಧಿಯಿದೆ. ರೋಗ ಒಂದೆಡೆ, ಚುಚ್ಚುವುದು ದೂರದ ಇನ್ನೊಂದೆಡೆ. ಅಕ್ಯುಪಂಕ್ಚರನ್ನು ಬಲ್ಲವರಿಗೆ ಇದು ತೀರ ಪರಿಚಿತ ಅನಿಸದಿರದು. ಆದರೆ ಚುಚ್ಚುವ ಕ್ರಮವನ್ನು ವಿವರಿಸುವ ಶಾರೀರಸ್ಥಾನದ 8ನೆಯ ಅಧ್ಯಾಯವನ್ನು ಜೊತೆಗಿಟ್ಟು ಓದಬೇಕು. ಅಲ್ಲಿ ಅಂಗವನ್ನು ಬಿಗಿದು ಸಿರೆ ಉಬ್ಬುವಂತೆ ಮಾಡುತ್ತಾರೆ. ಮಾಂಸಲ ಜಾಗದಲ್ಲಿ ಜವೆಗೋಧಿ ಕಾಳಿನಷ್ಟು, ಉಳಿದೆಡೆ ಅದರರ್ಧದಷ್ಟು ಅಥವಾ ಭತ್ತದ ಕಾಳಿನಷ್ಟು ಆಳಕ್ಕೆ ವ್ರೀಹಿಮುಖ ಎಂಬ ಶಸ್ತ್ರವನ್ನು ಇಳಿಸುತ್ತಾರೆ. ಎಲುಬಿನ ಮೇಲಾದರೆ ಸಣ್ಣ ಕೊಡಲಿಯಂಥ ಕುಠಾರಿಕೆ. ಕೆಟ್ಟ ರಕ್ತ ಹೊರಹೋಗಬೇಕೆಂಬುದೇ ಉದ್ದೇಶ. ಅಕ್ಯುಪಂಕ್ಚರಿನಲ್ಲಾದರೋ ಕೂದಲೆಳೆಯಂಥ ಸೂಜಿಯನ್ನು ಇಪ್ಪತ್ತು, ಮೂವತ್ತು ನಿಮಿಷ ಚರ್ಮದಲ್ಲೇ ನಿಲ್ಲಿಸುತ್ತಾರೆ. ರಕ್ತ ತೆಗೆಯುವುದು ಅದರ ಮುಖ್ಯ ಗುರಿಯಲ್ಲ. ಇನ್ನು ಪೆಟ್ಟು ಬಿದ್ದರೆ ಅಪಾಯವಾಗುವ ಜಾಗಗಳಾದ ಮರ್ಮಗಳ ವಿಷಯ. ಸುಶ್ರುತ ಎಣಿಸುವ 107 ಮರ್ಮಗಳಲ್ಲಿ 19 ತಕ್ಷಣ ಪ್ರಾಣ ತೆಗೆಯುವಂಥವು, 33 ಕಾಲಾಂತರದಲ್ಲಿ ಕೊಲ್ಲುವಂಥವು, 44 ಅಂಗವಿಕಲತೆ ತರುವಂಥವು. ಶಸ್ತ್ರವೈದ್ಯ ತನ್ನ ಶಸ್ತ್ರವನ್ನು ದೂರವಿಡಬೇಕಾದ ಜಾಗಗಳ ಪಟ್ಟಿ ಅದು. ಅದನ್ನೇ ಸೂಜಿ ಚುಚ್ಚುವ ಬಿಂದುಗಳ ನಕ್ಷೆಯೆಂದು ಓದುವುದು ಗ್ರಂಥವನ್ನು ತಲೆಕೆಳಗು ಮಾಡಿದಂತೆ. ಕಳರಿ ಗುರುಕ್ಕಳರೂ ಮರ್ಮಕ್ಕೆ ಪೆಟ್ಟು ಬಿದ್ದವರನ್ನು ಎಣ್ಣೆ, ಉಳಿಚ್ಚಿಲ್ (ಅಂಗಮರ್ದನ), ಕಿಳಿ (ಮದ್ದಿನ ಗಂಟಿನ ಶಾಖ), ಕಟ್ಟುಗಳಿಂದ ಉಪಚರಿಸುತ್ತಾರೆ. ಅಲ್ಲಿ ಕೆಲಸ ಮಾಡುವುದು ಕೈ.

ಹದಿನೇಳನೆಯ ಶತಮಾನದ ಡಚ್ ದಾಖಲೆಗಳೂ ಇಲ್ಲಿ ಉಪಯುಕ್ತ. ಮಲಬಾರಿನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವ್ಯಾನ್ ರೀಡ್, ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರ ನೆರವಿನಿಂದ 'ಹೋರ್ಟಸ್ ಮಲಬಾರಿಕಸ್' ಸಿದ್ಧಪಡಿಸಿದ. ಅದು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಬಂತು. ಸೂಜಿ ಚಿಕಿತ್ಸೆಯ ಬಗ್ಗೆ ಅದು ಮೌನವಾಗಿದೆ. ಅದೇ ಡಚ್ ಕಂಪನಿಯ ವೈದ್ಯ ವಿಲ್ಲೆಮ್ ಟೆನ್ ರೈನೆ ಸೂಜಿ ಚಿಕಿತ್ಸೆಯನ್ನು ಕಂಡದ್ದು ಜಪಾನಿನಲ್ಲಿ, ಯುರೋಪಿಗೆ ವಿವರವಾಗಿ ತಿಳಿಸಿದ್ದು 1683ರ ಪುಸ್ತಕದಲ್ಲಿ. ವ್ಯಾನ್ ರೀಡನದು ಸಸ್ಯಗಳ ಪುಸ್ತಕ, ಅದರ ಮೌನದಿಂದ ಏನೂ ಸಿದ್ಧವಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ನಾನೂ ಅದನ್ನು ಪೋಷಕ ಸಾಕ್ಷ್ಯವಾಗಿ ಮಾತ್ರ ಬಳಸುತ್ತೇನೆ. ಇನ್ನು ಚೀನಾದ ಕಡೆ ನೋಡಿದರೆ, ಅಲ್ಲೇ ಕ್ರಿ.ಪೂ. 168ರ ಮಾವಾಂಗ್‌ದುಯಿ ಸಮಾಧಿಯ ವೈದ್ಯ ಹಸ್ತಪ್ರತಿಗಳು ನಾಡಿಮಾರ್ಗಗಳನ್ನೂ ಅವುಗಳ ಮೇಲೆ ಶಾಖ ಕೊಡುವುದನ್ನೂ ಹೇಳುತ್ತವೆ, ಸೂಜಿಯನ್ನು ಹೇಳುವುದಿಲ್ಲ. ಸೂಜಿಯ ಪದ್ಧತಿ ಆ ಮಾರ್ಗಗಳ ಕಲ್ಪನೆಯ ಮೇಲೆ ಅಲ್ಲೇ ಹಂತಹಂತವಾಗಿ ಬೆಳೆಯಿತು ಎನ್ನಲು ಇದು ಗಟ್ಟಿ ಆಧಾರ.

ಭಾರತಕ್ಕೆ ಬಂದ ದಾರಿ ಸ್ಪಷ್ಟವಾಗಿದೆ. ಜಪಾನಿನ ದಾಳಿಗೆ ತುತ್ತಾಗಿದ್ದ ಚೀನಾಕ್ಕೆ 1938ರಲ್ಲಿ ಕಾಂಗ್ರೆಸ್ ಐವರು ವೈದ್ಯರನ್ನು ಕಳಿಸಿತು. ಅವರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್ 1942ರಲ್ಲಿ ಅಲ್ಲೇ ತೀರಿಕೊಂಡರು. ಮರಳಿ ಬಂದ ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಕಲ್ಕತ್ತೆಯಲ್ಲಿ ಆ ಚಿಕಿತ್ಸೆಯನ್ನು ಆರಂಭಿಸಿದರು. ಎರಡು ಬಡ ದೇಶಗಳ ವೈದ್ಯರ ಸ್ನೇಹದಿಂದ ಬಂದ ಈ ವಿದ್ಯೆಗೆ ಗೌರವದ ಚರಿತ್ರೆ ಬೇಕಿದ್ದರೆ ಇದೇ ಸಾಕು, ಪುರಾಣ ಬೇಕಿಲ್ಲ.

ಮೂಲ ಎಲ್ಲಿಯದಾದರೇನು, ನೋವು ಕಡಿಮೆಯಾದರೆ ಸಾಲದೇ ಎಂದು ಕೇಳಬಹುದು. ಕಾಸರಗೋಡಿನಲ್ಲಿ ಈ ಪ್ರಶ್ನೆಗೆ ತೂಕವಿದೆ. ಗಂಭೀರ ಕಾಯಿಲೆಗೆ ಮಂಗಳೂರನ್ನೇ ನಂಬಿದ ಜಿಲ್ಲೆ ಇದು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಆ ಅವಲಂಬನೆಯ ಬೆಲೆಯನ್ನು ರೋಗಿಗಳು ಪ್ರಾಣದಿಂದ ತೆತ್ತರು. ಹತ್ತಿರದಲ್ಲಿ, ಕಡಿಮೆ ಖರ್ಚಿನಲ್ಲಿ ಸಿಗುವ ಉಪಚಾರದ ಕಡೆಗೆ ಜನ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ 'ಸಾವಿರಾರು ವರ್ಷಗಳಿಂದ ಸಾಬೀತಾದದ್ದು' ಎಂದೊಡನೆ ಪರೀಕ್ಷೆಯ ಮಾತು ನಿಂತುಹೋಗುತ್ತದೆ, ಅಪಾಯವಿರುವುದು ಅಲ್ಲಿ. ಜರ್ಮನಿಯಲ್ಲಿ 1162 ಸೊಂಟ ನೋವಿನ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಾಸ್ತ್ರೋಕ್ತ ಬಿಂದುಗಳಲ್ಲಿ ಚುಚ್ಚಿಸಿಕೊಂಡ ಶೇಕಡ 47.6 ಮಂದಿಗೆ ಆರು ತಿಂಗಳ ನಂತರ ಸುಧಾರಣೆ ಕಂಡಿತು. ಬಿಂದುಗಳನ್ನು ಬಿಟ್ಟು ಬೇರೆಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇಕಡ 44.2, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇಕಡ 27.4. ಸೂಜಿಯಿಂದ ಉಪಶಮನ ಸಿಗುತ್ತದೆ, ಬಿಂದುವಿನ ಶಾಸ್ತ್ರಕ್ಕೆ ಮಾತ್ರ ಆಧಾರ ಸಾಲದು ಎಂದೇ ಇದರರ್ಥ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2016ರಲ್ಲಿ ಸೊಂಟ ನೋವಿಗೆ ಇದನ್ನು ಕೊಡಬಾರದೆಂದಿತು, 2021ರಲ್ಲಿ ಕಾರಣ ಸ್ಪಷ್ಟವಿಲ್ಲದ ದೀರ್ಘಕಾಲದ ನೋವಿಗೆ ಪರಿಗಣಿಸಬಹುದೆಂದಿತು. ಭಾರತ ಸರ್ಕಾರದ 2003ರ ಆದೇಶವೂ ಇದನ್ನು ಪೂರ್ಣ ವೈದ್ಯಪದ್ಧತಿ ಎನ್ನದೆ ಚಿಕಿತ್ಸಾ ವಿಧಾನವೆಂದಷ್ಟೇ ಒಪ್ಪಿತ್ತು. ಪೂರ್ಣ ವೈದ್ಯಪದ್ಧತಿಗೂ ಚಿಕಿತ್ಸಾ ವಿಧಾನಕ್ಕೂ ನಡುವಿನ ಈ ಗೆರೆ ಅಳಿಸಿದಾಗ ಏನಾಗುತ್ತದೆಂಬುದನ್ನು 2024ರ ಫೆಬ್ರವರಿಯಲ್ಲಿ ತಿರುವನಂತಪುರದ ನೇಮಂನಲ್ಲಿ ಕಂಡೆವು. ಆಸ್ಪತ್ರೆಯ ಬದಲು ಅಕ್ಯುಪಂಕ್ಚರನ್ನು ನಂಬಿ ಮನೆಯಲ್ಲೇ ಮಾಡಿಸಿದ ಹೆರಿಗೆಯಲ್ಲಿ ತಾಯಿ, ಮಗು ಇಬ್ಬರೂ ತೀರಿಕೊಂಡರು.

ಪಾರಂಪರಿಕ ಚಿಕಿತ್ಸೆಯನ್ನು ಪಾಶ್ಚಾತ್ಯ ಅಳತೆಗೋಲಿನಿಂದ ಅಳೆಯಬಾರದು ಎಂಬ ಕೊನೆಯ ಆಕ್ಷೇಪಕ್ಕೆ ಉತ್ತರ ಕಾಸರಗೋಡಿನಲ್ಲೇ ಇದೆ. ಇಲ್ಲಿ 1999ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆನೆಕಾಲು ರೋಗಕ್ಕೆ ಆಯುರ್ವೇದ, ಯೋಗ, ಆಧುನಿಕ ವೈದ್ಯಗಳನ್ನು ಕೂಡಿಸಿತು. ಕಾಲಿನ ಬಾವು ಎಷ್ಟು ಇಳಿಯಿತೆಂದು ಅಳೆದು ಬರೆದಿಟ್ಟಿತು, ಫಲಿತಾಂಶಗಳನ್ನು ಅಂತಾರಾಷ್ಟ್ರೀಯ ಪತ್ರಿಕೆಗಳ ಮುಂದಿಟ್ಟಿತು. ಇದರಿಂದ ಆಯುರ್ವೇದದ ಮಾನ ಕಡಿಮೆಯಾಗಲಿಲ್ಲ. ಮಂಡಿ ನೋವಿಗೆ ಸೂಜಿ ಚುಚ್ಚುವ ಕೇಂದ್ರಗಳೂ ಮೊದಲ ದಿನ ರೋಗಿ ಎಷ್ಟು ಮೆಟ್ಟಿಲು ಹತ್ತುತ್ತಿದ್ದರು, ಆರು ವಾರಗಳ ನಂತರ ಎಷ್ಟು ಹತ್ತುತ್ತಾರೆ, ಯಾರಿಗೆ ಏನೂ ಗುಣ ಕಾಣಲಿಲ್ಲ ಎಂಬುದನ್ನು ಬರೆದಿಡಲು ಇಂದೇ ತೊಡಗಬಹುದು.